ಹಾಗ್ವಾರ್ಟ್ಸ್ ಮತ್ತು ನಮ್ಮ ನಾಗಾವಿ

ಮೊನ್ನೆ ಕಮಲಾಪುರದ ಅಕ್ಕನ ಮನೆಗೆ ಹೋಗುವಾಗ ಕಲಬುರಗಿಯಿಂದ ಹ್ಯಾರಿ ಪಾಟರ್‌ನ ಮೊದಲ ಪುಸ್ತಕ (1997) ಒಯ್ದಿದ್ದೆ. "ಬರೀ ಮಾಟ-ಮಂತ್ರ, ಓದಿ ಹುಡುಗಿ ಕೆಡ್ತಾಳ" ಅಂದರು ಅಜ್ಜ. ಅಕ್ಕನ ಮಗಳು ಎರಡೇ ದಿನಕ್ಕೆ ಮುಗಿಸಿ ಕೇಳಿದಳು:

"ಮಾಮಾ, ಇಂಥಾ ಸಾಲಿ ನಮ್ಮ ಕಡಿ ಇಲ್ಲೇನು?"

ಇತ್ತು ಅಂದೆ. ನಮ್ಮ ಜಿಲ್ಲೆಯದೇ ಚಿತ್ತಾಪುರದ ಹತ್ತಿರ, ನಾಗಾವಿಯ ಘಟಿಕಾಸ್ಥಾನ. ಚಾಲುಕ್ಯ ಒಂದನೇ ಸೋಮೇಶ್ವರನ ಕಾಲದ, ಕ್ರಿ.ಶ. 1058ರ ಶಾಸನ ನೋಡಿ: ವೇದ ಓದುವವರೇ 200 ಮಂದಿ. ಪುಸ್ತಕ ನೋಡಿಕೊಳ್ಳಲು 6 ಜನ ಸರಸ್ವತೀ ಭಂಡಾರಿಗರು! ಹಾಗ್ವಾರ್ಟ್ಸ್ ಲೈಬ್ರರಿಗೆ ಮೇಡಂ ಪಿನ್ಸ್ ಒಬ್ಬಳೇ...

"ಹಂಗಾದ್ರ ನನಗ ಅಲ್ಲಿ ಸೇರಿಸ್ಕೋತಿದ್ರೇನು?"

ನಾನು ಗಪ್‌ಚಿಪ್. ಮಾಟಗಾರರ ಮನೆತನದವರಿಗಷ್ಟೇ ಶಾಲೆ ಇರಲಿ ಅಂದ ಸ್ಲಿದರಿನ್ ಮಾತು ಕಥೆಯಲ್ಲಿ ನಡೆಯಲಿಲ್ಲ. ಹಲ್ಲಿನ ಡಾಕ್ಟರ ಮಗಳು ಹರ್ಮಾಯ್ನಿಗೂ ಸೀಟು ಸಿಕ್ಕಿತು. ಇಲ್ಲಿ ವೇದದ ಬಾಗಿಲು ಹೆಣ್ಣುಮಕ್ಕಳಿಗೂ ಕೆಳಜಾತಿಯವರಿಗೂ ಮುಚ್ಚಿಯೇ ಇತ್ತು. ಅದನ್ನೂ ಅವಳಿಗೆ ಹೇಳಿದೆ.

"ಮತ್ತ ಹಾಗ್ವಾರ್ಟ್ಸೇ ಚಲೋ ಬಿಡು" ಅಂದಳು.

ನಾಗಾವಿ ಬಗ್ಗೆ ಹೆಮ್ಮೆ ಪಡೋಣ, ಆದರೆ ಈ ಪ್ರಶ್ನೆ ಮರೆತು ಅಲ್ಲ. ನೀವೇನಂತೀರಿ?