ಜಂತಿಗೆ ಸಿಕ್ಕಿಸಿದ ಹಳೇ ಬಿಲ್ಲು ಗುಜರಿಗೆ ಹಾಕುವ ಮುನ್ನ ಇದನ್ನು ಓದಿ

ಸಿಂಧನೂರು/ಲಿಂಗಸುಗೂರು/ಮಸ್ಕಿ: ಹಳೇ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಹಾಕಿಸುವಾಗ ಜಂತಿ ಸಂದಿಯಿಂದ, ಗೋಡೆಯ ಗೂಡಿನಿಂದ ಏನೇನೋ ಹೊರಗೆ ಬರುತ್ತವೆ. ತಾಮ್ರದ ಹಂಡೆ, ಹಿತ್ತಾಳೆ ಸಾಮಾನಿಗೆ ಬೆಲೆ ಇದೆ ಅಂತ ಎಲ್ಲರಿಗೂ ಗೊತ್ತು. ಬಿಲ್ಲು ಸಿಕ್ಕರೆ ಮಾತ್ರ ಕಟ್ಟಿಗೆಯದು ಒಲೆಗೆ, ಕಬ್ಬಿಣದ್ದು ಗುಜರಿಗೆ. ಕಿಲೋ ಲೆಕ್ಕದಲ್ಲಿ ಬಂದಷ್ಟು ಬಂತು ಅಂತ ಕೊಟ್ಟುಬಿಡುತ್ತಾರೆ. ಆದರೆ ಅದೇ ನಮೂನೆಯ ಬಿಲ್ಲುಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಇಂಗ್ಲೆಂಡಿನ ಲೀಡ್ಸ್‌ನ ರಾಯಲ್ ಆರ್ಮರೀಸ್‌ನಂಥ ಕಡೆ ಜೋಪಾನವಾಗಿವೆ. ಯಾವ ಬಿಲ್ಲನ್ನು ಸಂಗ್ರಾಹಕರು ಹುಡುಕುತ್ತಾರೆ, ಅದನ್ನು ಗುರುತಿಸುವುದು ಹೇಗೆ, ಮನೆಯವರು ಮತ್ತು ಅಂಗಡಿಯವರು ಯಾವ ತಪ್ಪು ಮಾಡಬಾರದು ಎಂಬ ಮಾಹಿತಿ ಇಲ್ಲಿದೆ.

ನಮ್ಮ ಭಾಗಕ್ಕೂ ಬಿಲ್ಲಿಗೂ ಏನು ನಂಟು?

ಕೃಷ್ಣಾ ಮತ್ತು ತುಂಗಭದ್ರಾ ನಡುವಿನ ಈ ದೋಆಬ್ ಪ್ರದೇಶಕ್ಕಾಗಿ ವಿಜಯನಗರದವರು, ಬಹಮನಿ ಸುಲ್ತಾನರು ತಲೆಮಾರುಗಟ್ಟಲೆ ಬಡಿದಾಡಿದರು. ಬಹಮನಿಗಳ ಗೆಲುವಿಗೆ ಒಳ್ಳೆಯ ಕುದುರೆ ಮತ್ತು ನುರಿತ ಬಿಲ್ಲುಗಾರರೇ ಕಾರಣ ಎಂದು ವಿಜಯನಗರದ ಎರಡನೇ ದೇವರಾಯನ ಆಸ್ಥಾನದಲ್ಲಿ ಚರ್ಚೆಯಾಯಿತು ಅಂತ ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ಅದಾದ ಮೇಲೆ ರಾಯ ಮುಸ್ಲಿಂ ಸೈನಿಕರನ್ನು ಕೆಲಸಕ್ಕೆ ಸೇರಿಸಿಕೊಂಡು, ತನ್ನವರಿಗೂ ಬಿಲ್ವಿದ್ಯೆ ಕಲಿಸಿದ. 1443ರಲ್ಲಿ ತುಂಗಭದ್ರಾ ದಾಟಿ ಬಂದು ಮುದಗಲ್ ಕೋಟೆ ಹಿಡಿದ. ಇವತ್ತು ಲಿಂಗಸುಗೂರು ತಾಲೂಕಿನಲ್ಲಿರುವ ಅದೇ ಮುದಗಲ್.

1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಪರವಾಗಿ ಪೋರ್ಚುಗೀಸರ ಕೋವಿಗಾರರು ಕೋಟೆ ಗೋಡೆ ಮೇಲಿನವರನ್ನು ಗುರಿಯಿಟ್ಟು ಹೊಡೆದರು. ಅಲ್ಲಿಂದ ಮುಂದೆ ಕೋವಿಯ ಕಾಲ ಮೆಲ್ಲಗೆ ಬಂತು. ಕೃಷ್ಣೆಯ ಆಚೆಗಿನ ಸುರಪುರ ಸೀಮೆಯ ಬೇಡ ನಾಯಕರ ಪಡೆ, 1705ರಲ್ಲಿ ಔರಂಗಜೇಬ ವಾಗಿನಗೇರಾಕ್ಕೆ ಮುತ್ತಿಗೆ ಹಾಕುವ ಹೊತ್ತಿಗೆ, ಕೋವಿ ಹಿಡಿಯುವುದರಲ್ಲೇ ಹೆಸರು ಮಾಡಿತ್ತು. ಬಿಲ್ಲು ಯುದ್ಧದಿಂದ ಹಿಂದೆ ಸರಿದರೂ ಬೇಟೆಯಲ್ಲಿ, ಮಹಾನವಮಿ ಪೂಜೆಯಲ್ಲಿ ಉಳಿಯಿತು. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಬೇಕೆಂದು ಕಾನೂನು ತಂದಾಗ ಹಲಗಲಿಯ ಬೇಡರು ಒಪ್ಪದೆ ಬಂಡೆದ್ದರು. ಮರುವರ್ಷ ಸುರಪುರದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ಎದುರು ನಿಂತ. ಇಂಥ ಏಟುಗಳನ್ನೆಲ್ಲ ದಾಟಿ ಉಳಿದ ಹಳೇ ಆಯುಧ ಎಷ್ಟು ಅಪರೂಪ ಅನ್ನುವುದು ಇದರಿಂದಲೇ ತಿಳಿಯುತ್ತದೆ.

ಸಂಗ್ರಾಹಕರು ಹುಡುಕುವ ಬಿಲ್ಲುಗಳು

1. ಕೊಂಬಿನ ಬಿಲ್ಲು: ಹಳಗನ್ನಡದಲ್ಲಿ ಇದಕ್ಕೆ ‘ಸಿಂಗಾಡಿ’ ಎಂಬ ಹೆಸರೇ ಇದೆ. ನಡುವೆ ಕಟ್ಟಿಗೆ, ಬಿಲ್ಲುಗಾರನ ಕಡೆಗೆ ಎಮ್ಮೆ ಕೊಂಬಿನ ಪಟ್ಟಿ, ಹೊರಮೈಗೆ ಪ್ರಾಣಿಯ ನರದ ನಾರು. ಇವನ್ನೆಲ್ಲ ಚರ್ಮ ಕುದಿಸಿ ತೆಗೆದ ಸರೇಸಿನಿಂದ ಅಂಟಿಸುತ್ತಿದ್ದರು. ಮೇಲೆ ಬಣ್ಣ, ಮೆರುಗೆಣ್ಣೆ, ಕೆಲವಕ್ಕೆ ಬಂಗಾರದ ಹೂಬಳ್ಳಿ. ಒಂದು ಬಿಲ್ಲು ಒಣಗಿ ತಯಾರಾಗಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಹೆದೆ ಬಿಚ್ಚಿದಾಗ ಇದು ಏಡಿಯ ಕಾಲಿನಂತೆ ತಿರುಗಾಮುರುಗಾ ಸುತ್ತಿಕೊಳ್ಳುತ್ತದೆ. ಹಾಗಾಗಿ ನೋಡಿದವರಿಗೆ ಅದು ಬಿಲ್ಲು ಅಂತಲೇ ಅನ್ನಿಸುವುದಿಲ್ಲ. ಬಣ್ಣ ಉಳಿದಿರುವ, ಬಿರುಕು ಬಿಡದ ಸಿಂಗಾಡಿಗೆ ಸಂಗ್ರಾಹಕರಲ್ಲಿ ಮೊದಲ ಸ್ಥಾನ. ತುರ್ಕಿ, ಕೊರಿಯಾ, ಚೀನಾದ ಹಳೇ ಬಿಲ್ಲುಗಳೂ ಇದೇ ಜಾತಿಯವು.

2. ಉಕ್ಕಿನ ಬಿಲ್ಲು: ಇದು ಭಾರತದ ವಿಶೇಷ. ಮಳೆಗಾಲದ ಥಂಡಿಗೆ ಕೊಂಬಿನ ಬಿಲ್ಲಿನ ಸರೇಸು ಸಡಿಲಾಗುತ್ತಿತ್ತು. ಉಕ್ಕಿನದಕ್ಕೆ ಆ ಚಿಂತೆ ಇಲ್ಲ. ಬಾಣ ಹಾರಿಸುವ ವೇಗದಲ್ಲಿ ಕೊಂಬಿನದಕ್ಕಿಂತ ಕಮ್ಮಿಯಾದರೂ ಕೋಟೆಯ ಆಯುಧಶಾಲೆಯಲ್ಲಿ ವರ್ಷಗಟ್ಟಲೆ ಇಟ್ಟರೂ ಕೆಡುತ್ತಿರಲಿಲ್ಲ. ಹೆಚ್ಚಾಗಿ 17ರಿಂದ 19ನೇ ಶತಮಾನದವು. ಕೆಲವಕ್ಕೆ ಹಿಡಿಯ ಹತ್ತಿರ ತಿರುಪು ಇದ್ದು ಎರಡು ತುಂಡಾಗಿ ಬಿಚ್ಚುತ್ತವೆ. ತುಕ್ಕಿನ ಕೆಳಗೆ ಬಂಗಾರ ಅಥವಾ ಬೆಳ್ಳಿ ತಂತಿ ಬಡಿದು ಕೂರಿಸಿದ ‘ಕೋಫ್ತ್‌ಗರಿ’ ಕೆಲಸ ಇರಬಹುದು. ಗುಜರಿ ಪಾಲಾಗುವ ಭಯ ಹೆಚ್ಚು ಇರುವುದು ಇದಕ್ಕೇ.

3. ಬಿದಿರು, ಕಟ್ಟಿಗೆಯ ಬೇಟೆ ಬಿಲ್ಲು: ನೋಡಲು ಸಾದಾ. ಹುಳ ಹಿಡಿಯುವುದರಿಂದ ಹಳೆಯವು ಉಳಿಯುವುದೇ ಕಮ್ಮಿ. ಯಾರ ಮನೆತನದ್ದು, ಯಾವ ಊರಿನದ್ದು ಎಂಬ ಮಾಹಿತಿ ಜೊತೆಗಿದ್ದರೆ ಮಾತ್ರ ಇದಕ್ಕೆ ಬೆಲೆ. ಬತ್ತಳಿಕೆ, ಕಬ್ಬಿಣದ ಮೊನೆಯ ಬಾಣ ಸಮೇತ ಇದ್ದರೆ ಇನ್ನೂ ಹೆಚ್ಚು.

4. ಹೆಬ್ಬೆರಳ ಉಂಗುರ: ಸರಾಫ ಅಂಗಡಿಯವರು ಗಮನಿಸಬೇಕಾದ ವಸ್ತು ಇದು. ಕೊಂಬಿನ ಬಿಲ್ಲಿನ ಹೆದೆಯನ್ನು ಹೆಬ್ಬೆರಳಿನಿಂದ ಎಳೆಯುತ್ತಿದ್ದರು. ಬೆರಳು ಕೊಯ್ಯದಂತೆ ಕಲ್ಲು, ಕೊಂಬು, ದಂತ ಅಥವಾ ಲೋಹದ ಉಂಗುರ ಹಾಕುತ್ತಿದ್ದರು. ಒಂದು ಕಡೆ ನಾಲಿಗೆಯಂತೆ ಚಾಚಿರುವ ದಪ್ಪ ಉಂಗುರ ಕಂಡರೆ ಕರಗಿಸುವ ಮೊದಲು ಎರಡು ಸಲ ಯೋಚಿಸಿ.

ಬಿಲ್ಲಿನಂತೆ ಕಂಡಿದ್ದೆಲ್ಲ ಆಯುಧವಲ್ಲ

ಹತ್ತಿ ಬೆಳೆಯುವ ನಮ್ಮ ಭಾಗದಲ್ಲಿ ಪಿಂಜಾರರು ಹತ್ತಿ ಹಿಂಜಲು ಬಳಸುತ್ತಿದ್ದ ದೊಡ್ಡ ಬಿಲ್ಲು ಹಳೇ ಮನೆಗಳಲ್ಲಿ ಸಿಗಬಹುದು. ಆಳೆತ್ತರದ ಗಟ್ಟಿ ಕಟ್ಟಿಗೆ, ಒಂದು ತುದಿಗೆ ಅಗಲವಾದ ಹಲಗೆ, ನರದ ತಂತಿ ಇರುತ್ತದೆ. ಅದರ ಕಟ್ಟಿಗೆ ಬಾಗುವುದೇ ಇಲ್ಲ. ಯುದ್ಧದ ಬಿಲ್ಲು ಅಂತ ಅದನ್ನು ಮಾರಿದರೆ ಮೋಸವಾಗುತ್ತದೆ. ಆದರೆ ಒಂದು ಕಸುಬಿನ ನೆನಪಾಗಿ ಅದನ್ನೂ ಉಳಿಸಿಕೊಳ್ಳಬೇಕು.

ಹಕ್ಕಿ ಓಡಿಸಲು ಕಲ್ಲು ಹಾರಿಸುವ ಬಿಲ್ಲಿಗೆ ಎರಡು ಎಳೆ ಹೆದೆ ಇದ್ದು, ನಡುವೆ ಕಲ್ಲಿಡುವ ಪಟ್ಟಿ ಇರುತ್ತದೆ. ಬಯಲಾಟದ ಬಿಲ್ಲು ಹಗುರ, ಬಣ್ಣದ ಕಾಗದ ಹಚ್ಚಿರುತ್ತದೆ. ಇತ್ತೀಚೆಗೆ ಗೋಡೆ ಅಲಂಕಾರಕ್ಕೆಂದು ತಯಾರಿಸಿ, ಆ್ಯಸಿಡ್ ಹಚ್ಚಿ ತುಕ್ಕು ಬರಿಸಿದ ಮಾಲನ್ನೂ ‘ರಾಜರ ಕಾಲದ್ದು’ ಅಂತ ಮಾರುತ್ತಾರೆ. ವೆಲ್ಡಿಂಗ್ ಗುರುತು, ಯಂತ್ರದಲ್ಲಿ ಕೊರೆದಂಥ ಒಂದೇ ಸಮನಾದ ತಿರುಪು, ಎಲ್ಲ ಕಡೆ ಒಂದೇ ಬಣ್ಣದ ತುಕ್ಕು ಇದ್ದರೆ ಅನುಮಾನಪಡಬೇಕು.

ಮಾಡಬಾರದ ನಾಲ್ಕು ಕೆಲಸ

* ಹೆದೆ ಏರಿಸಿ ಎಳೆಯಬೇಡಿ. ಸಿಂಗಾಡಿ ಸುತ್ತಿಕೊಂಡಿದೆ ಅಂತ ಸುಲಭ ದಿಕ್ಕಿಗೆ ಬಗ್ಗಿಸಿದರೆ ಅದು ಉಲ್ಟಾ ದಿಕ್ಕು, ಲಟಕ್ಕನೆ ಮುರಿಯುತ್ತದೆ. ಹಳೇ ಉಕ್ಕೂ ತುಂಡಾಗಿ ಮುಖಕ್ಕೆ ಸಿಡಿಯಬಹುದು.

* ಪಾಲಿಶ್ ಮಾಡಿಸಬೇಡಿ. ಉಪ್ಪುಕಾಗದ, ಬಫಿಂಗ್, ಹುಣಸೆಹುಳಿ ಯಾವುದೂ ಬೇಡ. ಬಂಗಾರದ ತಂತಿ ಕೂದಲೆಳೆಯಷ್ಟು ತೆಳು. ತುಕ್ಕಿನ ಜೊತೆ ಅದೂ ಹೋಗುತ್ತದೆ. ಮೆತ್ತನೆಯ ಒಣಬಟ್ಟೆಯಿಂದ ಧೂಳು ಒರೆಸಿದರೆ ಸಾಕು.

* ಆಯುಧ ಪೂಜೆಯ ದಿನ ಒದ್ದೆ ಕುಂಕುಮ, ಭಂಡಾರ, ವಿಭೂತಿಯನ್ನು ನೇರ ಬಿಲ್ಲಿಗೆ ಹಚ್ಚಬೇಡಿ. ಬಿಲ್ಲನ್ನು ಬಟ್ಟೆಯ ಮೇಲಿಟ್ಟು, ಬಟ್ಟೆಗೆ ಹಚ್ಚಿ ಪೂಜೆ ಮಾಡಬಹುದು. ಪೂಜೆಯೂ ಆಗುತ್ತದೆ, ಬಿಲ್ಲೂ ಉಳಿಯುತ್ತದೆ.

* ತಗಡಿನ ಶೆಡ್ಡಿನಲ್ಲಿ, ಅಡುಗೆ ಮನೆ ಅಟ್ಟದಲ್ಲಿ ಇಡಬೇಡಿ. ನಮ್ಮ ಬೇಸಿಗೆಯ ಕಾವಿಗೆ ಕೊಂಬು ಬಿರಿಯುತ್ತದೆ, ಮಳೆಗಾಲಕ್ಕೆ ಸರೇಸು ಬಿಡುತ್ತದೆ. ನೆರಳಿನ ಒಣ ಕೋಣೆಯಲ್ಲಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಅಡ್ಡ ಮಲಗಿಸಿಡಬೇಕು. ಪ್ಲಾಸ್ಟಿಕ್ ಚೀಲ ಬೇಡ.

ಕಾನೂನು ಏನು ಹೇಳುತ್ತದೆ?

ನೂರು ವರ್ಷ ದಾಟಿದ ಇಂಥ ವಸ್ತು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಕಳಿಸಿದರೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು ಮತ್ತು ದಂಡ. ‘ಫಾರಿನ್ ಪಾರ್ಟಿ ಇದಾರ, ಕೊರಿಯರ್ ಮಾಡಿಬಿಡ್ರಿ’ ಎಂದು ಫೋನ್ ಬಂದರೆ ಸಿಕ್ಕಿಬೀಳುವುದು ಕಳಿಸಿದವರೇ.

ಪ್ರಾಚ್ಯವಸ್ತು ಕೊಂಡು ಮಾರುವುದನ್ನು ವ್ಯಾಪಾರವಾಗಿ ಮಾಡಲು ಲೈಸೆನ್ಸ್ ಬೇಕು. ಗುಜರಿ, ಹಳೇ ಸಾಮಾನು, ಸರಾಫ ಅಂಗಡಿಯವರಿಗೆ ಇದು ನೆನಪಿರಲಿ. ಬತ್ತಳಿಕೆಗೆ ಹುಲಿ, ಚಿರತೆ ಚರ್ಮ ಅಥವಾ ಜಿಂಕೆ ಕೊಂಬು ಬಳಸಿದ್ದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅನ್ವಯಿಸುತ್ತದೆ.

ಮನೆಯಲ್ಲಿ ತಲೆಮಾರಿನಿಂದ ಬಂದ ವಸ್ತು ಬೇರೆ, ನೆಲದಲ್ಲಿ ಸಿಕ್ಕಿದ್ದು ಬೇರೆ. ಹೊಲ ಉಳುವಾಗ, ಪಾಯ ತೋಡುವಾಗ ಹಳೇ ಬಾಣದ ಮೊನೆ, ಆಯುಧ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ತಹಶೀಲ್ದಾರ್ ಕಚೇರಿಯಿಂದ ಶುರು ಮಾಡಬಹುದು. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನ ಹಾಗೂ 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನದಿಂದ ಊರಿಗೆ ದೇಶದ ಚರಿತ್ರೆಯಲ್ಲಿ ಜಾಗ ಸಿಕ್ಕಿತು. ವಸ್ತು ಯಾವ ಪದರದಲ್ಲಿತ್ತು ಎಂಬುದರಿಂದಲೇ ಅಲ್ಲಿನ ಕಾಲ ತಿಳಿದದ್ದು. ಕಿತ್ತು ಮನೆಗೆ ಒಯ್ದರೆ ಆ ಸಾಕ್ಷಿ ಹೋಯಿತು.

ಈಗಲೇ ಮಾಡಬಹುದಾದ ಕೆಲಸ

ಬಿಲ್ಲಿನ ಪೂರ್ತಿ ಫೋಟೊ, ಹಿಡಿ ಮತ್ತು ಎರಡೂ ತುದಿಗಳ ಫೋಟೊ ತೆಗೆಯಿರಿ. ಪಕ್ಕದಲ್ಲಿ ಒಂದು ಟೇಪು ಇಟ್ಟರೆ ಅಳತೆ ತಿಳಿಯುತ್ತದೆ. ಅಕ್ಷರ, ಮೊಹರು ಇದ್ದರೆ ಬೇರೆ ಫೋಟೊ. ರಾಜ್ಯ ಸರ್ಕಾರದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ಅಥವಾ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಗೆ ಅದನ್ನು ತೋರಿಸಿ ಅಭಿಪ್ರಾಯ ಕೇಳಬಹುದು.

ಅದಕ್ಕಿಂತ ಮೊದಲು ಮನೆಯ ಹಿರಿಯರ ಹತ್ತಿರ ಕೂತು ಮಾತಾಡಿಸಿ. ಯಾರು ತಂದದ್ದು, ಯಾವ ಹಬ್ಬಕ್ಕೆ ಹೊರಗೆ ತೆಗೆಯುತ್ತಿದ್ದರು, ಬೇಟೆಗೋ ಕೋಟೆ ಕಾವಲಿಗೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ ಬಿಲ್ಲಿನ ಜೊತೆಗಿಡಿ. ಉಕ್ಕು, ಕೊಂಬು ಇನ್ನೂ ನೂರು ವರ್ಷ ಇದ್ದಾವು. ಆದರೆ ಅದರ ಕಥೆ ಗೊತ್ತಿರುವ ಅಜ್ಜ, ಅಜ್ಜಿ ಅಷ್ಟು ದಿನ ಇರುವುದಿಲ್ಲ. ಕಥೆ ಹೋದ ಬಿಲ್ಲಿಗೆ ಉಳಿಯುವುದು ಗುಜರಿ ಅಂಗಡಿಯ ತೂಕದ ಬೆಲೆ ಮಾತ್ರ.