ಯುವಜನರ ಅಭಿಪ್ರಾಯ: ಸಮೀಕ್ಷೆಗೆ ದಕ್ಕಿದ್ದೆಷ್ಟು?

ಜನಮತ ಸಮೀಕ್ಷೆಯ ಸುಮಾರು ತೊಂಬತ್ತು ವರ್ಷಗಳ ಇತಿಹಾಸವನ್ನು, ಲೆಕ್ಕಕ್ಕೆ ಸಿಗದವರನ್ನು ಹುಡುಕುತ್ತಾ ಬಂದ ಇತಿಹಾಸವೆಂದೇ ಓದಬಹುದು. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಮತಪತ್ರ ಅಂಚೆ ಮಾಡಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ವಿಳಾಸಗಳನ್ನು ಆಯ್ದದ್ದು ಬಹುಪಾಲು, ಬಡವರು ಅಷ್ಟಾಗಿ ಇರದ ಟೆಲಿಫೋನ್ ಡೈರೆಕ್ಟರಿ ಮತ್ತು ಕಾರು ನೋಂದಣಿಯಿಂದ. ಅಧ್ಯಕ್ಷೀಯ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು, ಗೆದ್ದವರು ರೂಸ್‌ವೆಲ್ಟ್. ಅದಕ್ಕಿಂತ ಎಷ್ಟೋ ಚಿಕ್ಕ ಮಾದರಿ ಹಿಡಿದ ಜಾರ್ಜ್ ಗ್ಯಾಲಪ್ ಲೆಕ್ಕ ಸರಿಹೋಯಿತು. ಎಷ್ಟು ಜನ ಉತ್ತರಿಸಿದರು ಎನ್ನುವುದಕ್ಕಿಂತ ಯಾರು ಉತ್ತರಿಸಿದರು ಎನ್ನುವುದು ದೊಡ್ಡದು ಎಂಬ ಪಾಠ ಅಂದು ಬಡವರ ವಿಷಯದಲ್ಲಿ ಸಿಕ್ಕಿತು. ಈಗ ಅದೇ ಪಾಠ ಯುವಜನರ ವಿಷಯದಲ್ಲಿ ಎದುರಾಗಿದೆ.

ಮನೆಮನೆಗೂ ಫೋನ್ ಬಂದ ಮೇಲೆ, 1970ರ ದಶಕದಿಂದ ಅಲ್ಲಿ ಯಾದೃಚ್ಛಿಕ ಸಂಖ್ಯೆಗಳಿಗೆ ಕರೆ ಮಾಡುವ ಪದ್ಧತಿ ಬೇರೂರಿತು. 2000ದ ನಂತರ ಲ್ಯಾಂಡ್‌ಲೈನ್ ಬಿಟ್ಟು ಬರೀ ಮೊಬೈಲ್ ಇಟ್ಟುಕೊಂಡವರಲ್ಲಿ ಬಾಡಿಗೆ ಮನೆಯ ಯುವಜನರೇ ಮುಂದಿದ್ದರು. ಮೊಬೈಲ್ ಸಂಖ್ಯೆಗಳನ್ನು ಸೇರಿಸಿಕೊಂಡರೂ ಕರೆ ಎತ್ತುವವರು ಕಡಿಮೆಯಾಗುತ್ತಲೇ ಹೋದರು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ದೂರವಾಣಿ ಸಮೀಕ್ಷೆಗಳಲ್ಲಿ 1997ರಲ್ಲಿ ಶೇ 36ರಷ್ಟಿದ್ದ ಪ್ರತಿಕ್ರಿಯೆ 2018ರಲ್ಲಿ ಶೇ 6ಕ್ಕೆ ಕುಸಿಯಿತು.

ಈ ಕೊರತೆಗೆ ತಜ್ಞರ ಮದ್ದು ‘ತೂಕ’ ಕೊಡುವುದು. ಸಾವಿರದಲ್ಲಿ 200 ಯುವಜನರಿರಬೇಕಾದ ಕಡೆ 100 ಮಂದಿಯೇ ಸಿಕ್ಕರೆ, ಅವರ ಒಂದೊಂದು ಉತ್ತರವನ್ನೂ ಎರಡೆಂದು ಎಣಿಸುತ್ತಾರೆ. ತಲೆಲೆಕ್ಕ ಸರಿಹೋಗುತ್ತದೆ, ಆದರೆ ಸಿಕ್ಕ ನೂರು ಮಂದಿ ರಾಜಕೀಯದ ಹುಚ್ಚಿನವರೇ ಆಗಿದ್ದರೆ ಆ ಹುಚ್ಚೂ ಇಮ್ಮಡಿಯಾಗುತ್ತದೆ. ಜೊತೆಗೆ, ಸಾವಿರ ಜನರ ಸಮೀಕ್ಷೆಯಲ್ಲಿ ಶೇ 3ರಷ್ಟಿರುವ ದೋಷದ ಅಂತರ ಆ ನೂರು ಮಂದಿಯ ಮಟ್ಟಿಗೆ ಶೇ 10ರ ಹತ್ತಿರ ಹೋಗುತ್ತದೆ. 2015ರ ಬ್ರಿಟನ್ ಚುನಾವಣೆಯಲ್ಲಿ ಸಮೀಕ್ಷೆಗಳು ಎಡವಿದಾಗ, ಪ್ಯಾಟ್ರಿಕ್ ಸ್ಟರ್ಗಿಸ್ ನೇತೃತ್ವದ ವಿಚಾರಣೆ ಬೊಟ್ಟು ಮಾಡಿದ್ದೂ ಮಾದರಿಯ ಪ್ರಾತಿನಿಧ್ಯದ ಕಡೆಗೇ.

ಆನ್‌ಲೈನ್ ಕಾಲದಲ್ಲಿ ಯುವಜನ ಸುಲಭವಾಗಿ ಸಿಗುತ್ತಾರೆ ಎಂಬ ನಂಬಿಕೆ ಹುಟ್ಟಿತು. ಆದರೆ ಅಲ್ಲಿ ತಾವಾಗಿಯೇ ಹೆಸರು ಕೊಟ್ಟು, ಸಣ್ಣ ಸಂಭಾವನೆಗಾಗಿ ಕಣ್ಣುಮುಚ್ಚಿ ಟಿಕ್ ಮಾಡುವವರೂ, ವಯಸ್ಸನ್ನೇ ಸುಳ್ಳು ಹೇಳುವವರೂ ಇದ್ದಾರೆ. 2023ರ ಡಿಸೆಂಬರ್‌ನಲ್ಲಿ ಅಂಥದೊಂದು ಸಮೀಕ್ಷೆ, ಅಮೆರಿಕದಲ್ಲಿ 30 ದಾಟದವರ ಪೈಕಿ ಶೇ 20ರಷ್ಟು ಮಂದಿ ಯೆಹೂದ್ಯರ ನರಮೇಧವನ್ನು ಕಟ್ಟುಕಥೆ ಎನ್ನುತ್ತಾರೆಂದು ವರದಿ ಮಾಡಿತು. ಯಾದೃಚ್ಛಿಕವಾಗಿ ಆರಿಸಿದವರಿಗೆ ಪ್ಯೂ ಅದೇ ಪ್ರಶ್ನೆ ಕೇಳಿದಾಗ ಸಿಕ್ಕಿದ್ದು ಶೇ 3. ಪ್ಯೂ ನಡೆಸಿದ ಇನ್ನೊಂದು ಪರೀಕ್ಷೆಯಲ್ಲಿ, ತಾವಾಗಿ ಸೇರಿದ ಯುವಜನರ ಪೈಕಿ ಶೇ 12 ಮಂದಿ ಅಣು ಜಲಾಂತರ್ಗಾಮಿ ನಡೆಸಲು ತಮಗೆ ಪರವಾನಗಿ ಇದೆ ಎಂದಿದ್ದರು!

ಭಾರತದ ತೊಡಕು ಬೇರೆ. ದೆಹಲಿಯ ಸಿಎಸ್‌ಡಿಎಸ್ ಸಂಸ್ಥೆಯ ಲೋಕನೀತಿ ತಂಡ ತನ್ನ ಚುನಾವಣಾ ಅಧ್ಯಯನಗಳಿಗೆ ಮತದಾರರ ಪಟ್ಟಿಯಿಂದ ಹೆಸರು ಆರಿಸಿ, ಮನೆಗೆ ಹೋಗಿ ಮಾತಾಡಿಸುತ್ತದೆ. ಮತದಾನದ ಮಟ್ಟಿಗೆ ಈ ದಾರಿ ಗಟ್ಟಿ. ಆದರೆ 2024ರಲ್ಲಿ 18–19ರ ಹರೆಯದ ಸುಮಾರು 1.8 ಕೋಟಿ ಮಂದಿಯಷ್ಟೇ ಪಟ್ಟಿಯಲ್ಲಿದ್ದರು. ಇದು ಆ ವಯಸ್ಸಿನವರ ಅರ್ಧಕ್ಕಿಂತ ಕಡಿಮೆ. ಪಟ್ಟಿ ಸೇರಿದವರೂ ಮನೆಯಲ್ಲಿ ಸಿಗಬೇಕಲ್ಲ: ಹೆಸರು ರಾಯಚೂರಿನ ಹಳ್ಳಿಯಲ್ಲಿ, ವಾಸ ಬೆಂಗಳೂರಿನ ಪಿಜಿಯಲ್ಲಿ ಎಂಬಂಥವರು ಎಷ್ಟೋ. ಇದೇ ಲೋಕನೀತಿ 2016ರಲ್ಲಿ 15–34 ವಯಸ್ಸಿನ ಸುಮಾರು 6000 ಮಂದಿಯನ್ನೇ ಪ್ರತ್ಯೇಕವಾಗಿ ಮಾತಾಡಿಸಿತು.

ಖರ್ಚು ಹೆಚ್ಚಾದರೂ, ಹೀಗೆ ಯುವಜನರನ್ನೇ ಪ್ರತ್ಯೇಕವಾಗಿ ಮಾತಾಡಿಸುವುದೇ ಮುಂದಿನ ದಾರಿ. ಸಾಮಾನ್ಯ ಸಮೀಕ್ಷೆಯಿಂದ ದೇಶದ ಒಟ್ಟು ಒಲವನ್ನು ಅಂದಾಜಿಸಬಹುದು. ಆದರೆ ಅದರೊಳಗಿನ ಬೆರಳೆಣಿಕೆಯ ಯುವಜನರಿಂದ ಒಂದು ಪೀಳಿಗೆಯ ಮೇಲೆ ತೀರ್ಪು ಕೊಡಲಾಗದು. ‘ಯುವಜನ ಹೀಗೆನ್ನುತ್ತಾರೆ’ ಎಂಬ ತಲೆಬರಹ ಕಂಡಾಗ ಎಷ್ಟು ಮಂದಿ, ಯಾವ ಪಟ್ಟಿಯಿಂದ ಎಂದು ಕೇಳಿ. ಉತ್ತರ ಇಲ್ಲದ ವರದಿಯನ್ನು ನಂಬುವ ಅಗತ್ಯವಿಲ್ಲ.