ಮ್ಯಾಂಡರಿನ್: ಚೀನಾದ ಭಾಷೆಗೆ ‘ಮಂತ್ರಿ’ಯ ಹೆಸರು ಬಂದದ್ದು ಹೇಗೆ?

ಚೀನಾದ ಅಧಿಕೃತ ಭಾಷೆಯನ್ನು ನಾವು ‘ಮ್ಯಾಂಡರಿನ್’ ಎನ್ನುತ್ತೇವೆ. ಕೇಳಿದರೆ ಚೀನೀ ಪದವೇ ಇರಬೇಕು ಅನ್ನಿಸುತ್ತದೆ. ಆದರೆ ಚೀನೀಯರು ತಮ್ಮ ಭಾಷೆಯನ್ನು ಹಾಗೆ ಕರೆಯುವುದಿಲ್ಲ. ಈ ಪದದ ಬೇರು ಇರುವುದು ನಾವು ದಿನವೂ ಬಳಸುವ ‘ಮಂತ್ರಿ’ ಎಂಬ ಸಂಸ್ಕೃತ ಪದದಲ್ಲಿ.

ಪದ ಸಾಗಿದ ದಾರಿ

ಸಂಸ್ಕೃತದಲ್ಲಿ ‘ಮಂತ್ರ’ಕ್ಕೆ ಆಲೋಚನೆ, ಸಲಹೆ ಎಂಬ ಅರ್ಥವೂ ಇದೆ. ರಾಜನಿಗೆ ಸಲಹೆ ಕೊಡುವವನು ಮಂತ್ರಿ. ಈ ಪದ ಭಾರತದಿಂದ ಆಗ್ನೇಯ ಏಷ್ಯಾಕ್ಕೆ ಹೋಗಿ ಮಲಯ ಭಾಷೆಯಲ್ಲಿ ‘ಮೆಂತೆರಿ’ ಆಯಿತು. ಮಲೇಷ್ಯಾದ ಪ್ರಧಾನಿಯನ್ನು ಇಂದಿಗೂ ‘ಪೆರ್ದಾನ ಮೆಂತೆರಿ’ ಎನ್ನುತ್ತಾರೆ.

1511ರಲ್ಲಿ ಪೋರ್ಚುಗೀಸರು ಮಲಾಕ್ಕಾ ಬಂದರನ್ನು ವಶಪಡಿಸಿಕೊಂಡರು. ಮಲಯ ಜನರಿಂದ ಕಲಿತ ಈ ಪದವನ್ನು ಅವರು ಚೀನಾದ ಸರ್ಕಾರಿ ಅಧಿಕಾರಿಗಳಿಗೆ ಬಳಸತೊಡಗಿದರು. ಪೋರ್ಚುಗೀಸ್ ಭಾಷೆಯಲ್ಲಿ ‘ಮಂದಾರ್’ ಎಂದರೆ ಆಜ್ಞಾಪಿಸು. ಅದರ ಪ್ರಭಾವದಿಂದ ‘ಮೆಂತೆರಿ’ಯು ‘ಮಂದರಿಂ’ ಆಯಿತು ಎಂದು ವಿದ್ವಾಂಸರು ವಿವರಿಸುತ್ತಾರೆ. ಅಲ್ಲಿಂದ ಅದು ಇಂಗ್ಲಿಷ್ ಸೇರಿತು.

ಅಧಿಕಾರಿಯಿಂದ ಭಾಷೆಗೆ

ಚೀನಾದ ಒಂದೊಂದು ಭಾಗದಲ್ಲಿ ಒಂದೊಂದು ಮಾತು. ಬೇರೆ ಬೇರೆ ಕಡೆಯ ಅಧಿಕಾರಿಗಳು ಪರಸ್ಪರ ವ್ಯವಹರಿಸಲು ಬಳಸುತ್ತಿದ್ದ ಸಾಮಾನ್ಯ ಭಾಷೆಗೆ ‘ಗ್ವಾನ್‌ಹ್ವಾ’, ಅಂದರೆ ಅಧಿಕಾರಿಗಳ ಮಾತು, ಎಂಬ ಹೆಸರಿತ್ತು. ಯುರೋಪಿಯನ್ನರು ಅದನ್ನೇ ಅನುವಾದಿಸಿ ಮ್ಯಾಂಡರಿನ್ ಭಾಷೆ ಎಂದರು. ಇಂದು ಚೀನಾದಲ್ಲಿ ಅದರ ಹೆಸರು ‘ಪುಟೊಂಗ್‌ಹ್ವಾ’, ಎಂದರೆ ಸಾಮಾನ್ಯ ಭಾಷೆ. ತೈವಾನ್‌ನಲ್ಲಿ ‘ಗ್ವೊಯು’, ಎಂದರೆ ರಾಷ್ಟ್ರಭಾಷೆ.

ಎರಡು ತಪ್ಪು ಕಲ್ಪನೆಗಳು

‘ಮನ್ ದಾ ರೆನ್’, ಅಂದರೆ ಮಂಚು ದೊರೆ, ಎಂಬ ಚೀನೀ ಮಾತಿನಿಂದ ಮ್ಯಾಂಡರಿನ್ ಬಂತು ಎಂಬ ಕಥೆ ಆಗಾಗ ಹರಿದಾಡುತ್ತದೆ. ಮಂಚು ಜನ ಬೀಜಿಂಗ್ ಹಿಡಿದದ್ದು 1644ರಲ್ಲಿ. ಪೋರ್ಚುಗೀಸರ ಬರಹಗಳಲ್ಲಿ ಈ ಪದ ಅದಕ್ಕೂ 100 ವರ್ಷ ಮೊದಲೇ ಇತ್ತು. ಹಾಗಾಗಿ ಈ ಕಥೆ ನಿಲ್ಲುವುದಿಲ್ಲ.

ಹೆಸರು ಸಂಸ್ಕೃತದ್ದಾದ್ದರಿಂದ ಚೀನೀ ಭಾಷೆಯೂ ಸಂಸ್ಕೃತದಿಂದ ಹುಟ್ಟಿತು ಎಂದುಕೊಳ್ಳುವುದೂ ಸರಿಯಲ್ಲ. ಅದು ಸಿನೋ-ಟಿಬೆಟನ್ ಭಾಷಾ ಕುಟುಂಬಕ್ಕೆ ಸೇರಿದ್ದು. ಸಂಸ್ಕೃತದಿಂದ ಬಂದದ್ದು ಹೊರಗಿನವರು ಇಟ್ಟ ಹೆಸರು ಮಾತ್ರ.

ಹಣ್ಣಿಗೂ ಅದೇ ಹೆಸರು

ಸಿಪ್ಪೆ ಸುಲಭವಾಗಿ ಬಿಡಿಸಲು ಬರುವ ಒಂದು ಜಾತಿಯ ಕಿತ್ತಳೆಗೂ ಯುರೋಪಿನಲ್ಲಿ ಮ್ಯಾಂಡರಿನ್ ಎಂಬ ಹೆಸರು ಬಂತು. ನಮ್ಮ ಕೊಡಗಿನ ಕಿತ್ತಳೆ ಇದೇ ಗುಂಪಿನದು. ಹಿರಿಯ ಸರ್ಕಾರಿ ಅಧಿಕಾರಿಗಳನ್ನು ‘ಮ್ಯಾಂಡರಿನ್’ಗಳೆಂದು ಕರೆಯುವ ರೂಢಿ ಇಂಗ್ಲಿಷ್ ಪತ್ರಿಕೆಗಳಲ್ಲಿ ಈಗಲೂ ಇದೆ.